ಅಪ್ಪ ಜಮೀನು ಮಾರಿದರೆ ಮಕ್ಕಳ ಪಾಲೆಷ್ಟು? ಒಂದು ಗಣಿತ ಪಾಠ, ಒಂದು ತಪ್ಪು ಉತ್ತರ, ಒಂದು ಮರುಪಾಠ

ಪೀಠಿಕೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ವೈ.ಎನ್.ಹೊಸಕೋಟೆಯ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಬೋಧಿಸುವ ಅವಕಾಶ ನನಗೆ ಸಿಕ್ಕಿತು. ಘಟಕ: ಭಾಗಲಬ್ಧ ಸಂಖ್ಯೆಗಳು. ಮಕ್ಕಳ ಬದುಕಿನಿಂದಲೇ ಸಮಸ್ಯೆಗಳನ್ನು ಆರಿಸಿಕೊಳ್ಳಬೇಕು ಎಂದು ವಿಧಾನಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆ. ರೊಟ್ಟಿ, ಚಾಕೊಲೇಟ್ ತುಂಡುಗಳ ಉದಾಹರಣೆ ಎಂಟನೇ ತರಗತಿಗೆ ಚಿಕ್ಕದಾಯಿತು ಎನಿಸಿತು. ಪಾವಗಡ ತಾಲ್ಲೂಕಿನ ಮಕ್ಕಳಿಗೆ ಜಮೀನಿಗಿಂತ ಹತ್ತಿರದ ವಿಷಯ ಯಾವುದಿದೆ? ಹಾಗಾಗಿ ಜಮೀನಿನ ಪಾಲನ್ನೇ ಪಾಠವಾಗಿ ಮಾಡಿಕೊಂಡೆ. ಲೆಕ್ಕ ಸರಿಯಾಗಿಯೇ ನಡೆಯಿತು. ಆದರೆ ಒಂದು ಮಗುವಿನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪು ಒಂದು ಮನೆಯೊಳಗೆ ಹೋಗಿ ಕುಳಿತಿತು. ಅದನ್ನು ಸರಿಪಡಿಸಲು ನಾನು ಏನು ಓದಿದೆ, ಮತ್ತೆ ಹೇಗೆ ಪಾಠ ಮಾಡಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮಗುವಿನ ಹೆಸರು, ಊರು ಬಿಟ್ಟಿದ್ದೇನೆ. ಬರೆಯಲು ಆ ತಂದೆಯವರ ಒಪ್ಪಿಗೆ ಪಡೆದಿದ್ದೇನೆ.

ಮೊದಲ ಪಾಠ

ಐದು ‘ಇ’ ಮಾದರಿಯಲ್ಲಿ ಪಾಠಯೋಜನೆ ಬರೆದಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಹೆಸರು ಮರೆಮಾಡಿದ ಒಂದು ಪಹಣಿಯ ನಕಲನ್ನು ಗುಂಪಿಗೊಂದರಂತೆ ಕೊಟ್ಟೆ. ವಿಸ್ತೀರ್ಣದ ಅಂಕಣದಲ್ಲಿ ‘4.20’ ಎಂದಿತ್ತು. ಸಮಸ್ಯೆ ಇದು: ‘ಈ ಜಮೀನಿನಲ್ಲಿ ಅಪ್ಪ, ಮಗ, ಮಗಳು ಮೂವರಿಗೂ ಸಮಪಾಲು. ಒಬ್ಬೊಬ್ಬರಿಗೆ ಎಷ್ಟು?’

ಅರ್ಧಕ್ಕಿಂತ ಹೆಚ್ಚು ಮಕ್ಕಳು 4.20 ಅನ್ನು 3ರಿಂದ ಭಾಗಿಸಿ 1.40 ಎಂದು ಬರೆದರು. ಓದುವಾಗ ‘1 ಎಕರೆ 40 ಗುಂಟೆ’ ಎಂದರು. ನಾನು ತಿದ್ದಲಿಲ್ಲ. ‘ಎಕರೆಗೆ ಎಷ್ಟು ಗುಂಟೆ?’ ಎಂದು ಮಾತ್ರ ಕೇಳಿದೆ. ‘40 ಮಿಸ್’ ಎಂದು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಕ್ಕಳು. 1 ಎಕರೆ 40 ಗುಂಟೆ ಎಂದರೆ 2 ಎಕರೆ. ಮೂವರಿಗೆ 6 ಎಕರೆ. ನಾಲ್ಕೂವರೆ ಎಕರೆ ಜಮೀನು ಆರು ಎಕರೆ ಆಗಿಬಿಟ್ಟಿತ್ತು!

ಪಹಣಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಗುಂಟೆಗೆ ಇಳಿಸಿದರು: 4 × 40 + 20 = 180 ಗುಂಟೆ. 180ರ 1/3 ಎಂದರೆ 60 ಗುಂಟೆ, ಅಂದರೆ 1 ಎಕರೆ 20 ಗುಂಟೆ. ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಈ ಭಾಗಕ್ಕೆ ‘ಚೆನ್ನಾಗಿದೆ’ ಎಂದು ಬರೆದರು.

ಪಾಠ ಮುಗಿಯುವ ಐದು ನಿಮಿಷ ಮುಂಚೆ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಮಾತಾಡದ ಹುಡುಗ.

‘ಮಿಸ್, ಅಪ್ಪ ಪೂರ್ತಿ ಮಾರ್ಬಿಟ್ರೆ?’

ನಾನು ಯೋಚಿಸಲಿಲ್ಲ. ‘ಅಜ್ಜನ ಕಾಲದ ಆಸ್ತಿ ಆದ್ರೆ ಅಪ್ಪ ಮಾರೋ ಹಾಗೇ ಇಲ್ಲ. ಮಾರಿದ್ರೂ ಕೇಸು ಹಾಕಿದ್ರೆ ವಾಪಸ್ ಬರುತ್ತೆ’ ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಅಣ್ಣ ಎಂಟು ವರ್ಷದಿಂದ ಇದೇ ಮಾತನ್ನು ಹೇಳುತ್ತಿದ್ದ. ಕೇಳಿ ಕೇಳಿ ನನಗೆ ಅದು ಕಾನೂನೇ ಆಗಿಹೋಗಿತ್ತು.

ಶಾಲೆಗೆ ಬಂದ ತಂದೆ

ನಾಲ್ಕನೇ ದಿನ ಬೆಳಿಗ್ಗೆ ಆ ಹುಡುಗನ ತಂದೆ ಶಾಲೆಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಕೂರಲು ಹೇಳಿದರೂ ಕೂರಲಿಲ್ಲ.

‘ಲೆಕ್ಕ ಹೇಳ್ಕೊಡಿ ಮೇಡಂ, ಬ್ಯಾಡ ಅನ್ನಲ್ಲ. ಆದ್ರೆ ನನ್ ಮಗ ಮೂರು ದಿನದಿಂದ ನನ್ ಜತೆ ಕೂತು ಉಣ್ಣಲ್ಲ. ನನ್ ಪಾಲು ತಿಂದಿದೀಯ ಅಂತಾನೆ.’

ಅವರು ಹೋದ ವರ್ಷ ಎರಡು ಎಕರೆ ಮಾರಿದ್ದರು. ಹೆಂಡತಿಯ ಆಪರೇಷನ್‌ಗೆ ಕೈಸಾಲ ಮಾಡಿದ್ದರು. ಅದಕ್ಕೂ ಮುಂಚೆ ನೀರು ಬಾರದ ಎರಡು ಬೋರ್‌ವೆಲ್‌ಗಳ ಸಾಲವಿತ್ತು. ಬಡ್ಡಿ ಬೆಳೆಯುತ್ತಿತ್ತು. ಮಗನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ‘ಅವರಮ್ಮನ ಕಾಯಿಲೆ ವಿಷ್ಯ ಹುಡುಗ್ರಿಗೆ ಯಾಕೆ ಅಂತ’ ಎಂದರು.

ನಾನು ಕ್ಷಮೆ ಕೇಳಿದೆ. ‘ನಾನು ಹೇಳಿದ್ದು ಸರಿಯಿಲ್ಲ, ಸರಿಯಾಗಿ ಓದಿಕೊಂಡು ಮತ್ತೆ ಪಾಠ ಮಾಡ್ತೀನಿ’ ಎಂದೆ. ಅವರು ತಲೆಯಾಡಿಸಿ ಹೊರಟರು. ಅವರು ಹೋದ ಮೇಲೆ ಮಾರ್ಗದರ್ಶಕರು ಒಂದೇ ಮಾತು ಹೇಳಿದರು: ‘ಗೊತ್ತಿಲ್ಲದ್ದನ್ನ ನಾಳೆ ಹೇಳ್ತೀನಿ ಅನ್ನೋದೂ ಒಂದು ಬೋಧನಾ ಕೌಶಲವೇ ಕಣಮ್ಮ.’

ವಿಷಯದ ಅಧ್ಯಯನ: ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಮುಂದಿನ ಹತ್ತು ದಿನ ಕಾಯ್ದೆಯ ಪುಸ್ತಕ, ತೀರ್ಪುಗಳನ್ನು ಓದಿದೆ. ಪಾವಗಡದಲ್ಲಿ ಒಬ್ಬ ವಕೀಲರನ್ನು ಎರಡು ಬಾರಿ ಭೇಟಿಯಾದೆ. ನಾನು ಅವರಿಗೆ ಮೊದಲು ಕೇಳಿದ್ದು ‘ಕೇಸು ಹಾಕಬಹುದಾ ಸಾರ್?’ ಎಂದು. ಅವರು ಅದಕ್ಕೆ ಉತ್ತರ ಕೊಡದೆ ನನಗೇ ನಾಲ್ಕು ಪ್ರಶ್ನೆ ಕೇಳಿದರು. ಆ ನಾಲ್ಕು ಪ್ರಶ್ನೆಗಳೇ ಇಡೀ ವಿಷಯದ ತಿರುಳು. ಉತ್ತರ ಇರುವುದು ಪ್ರಶ್ನೆಗಳ ಕ್ರಮದಲ್ಲಿ.

ಪ್ರಶ್ನೆ 1: ಜಮೀನು ಅಪ್ಪನಿಗೆ ಹೇಗೆ ಬಂತು?

‘ಅಜ್ಜನ ಆಸ್ತಿ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಕಾನೂನು ಬೇರೆ ಬೇರೆ ಬಗೆಗಳನ್ನು ನೋಡುತ್ತದೆ.

ಮೊದಲನೆಯದು, ಮುತ್ತಜ್ಜ, ಅಜ್ಜ, ಅಪ್ಪ ಎಂದು ತಲೆಮಾರುಗಳಿಂದ ಪಾಲಾಗದೆ ಹರಿದುಬಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿ. ಇದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಇರುತ್ತದೆ. ಎರಡನೆಯದು, ಅಜ್ಜ ಸ್ವಂತವಾಗಿ ಸಂಪಾದಿಸಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಉಯಿಲು ಬರೆಯದೆ ತೀರಿಕೊಂಡು, 8ನೇ ಕಲಂ ಪ್ರಕಾರ ಅಪ್ಪನಿಗೆ ಬಂದದ್ದು. ಇದು ಅಪ್ಪನ ಸ್ವಂತ ಆಸ್ತಿಯಾಗುತ್ತದೆ. ಮೊಮ್ಮಕ್ಕಳಿಗೆ ಹುಟ್ಟಿನಿಂದ ಪಾಲಿಲ್ಲ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೂರನೆಯದು, ಅಪ್ಪನೇ ದುಡಿದು ಕೊಂಡದ್ದು. ಅದು ಅವರ ಇಷ್ಟ.

ಪಾಲುಪಟ್ಟಿಯಲ್ಲಿ ಅಪ್ಪನಿಗೆ ಬಂದ ಜಮೀನಿನ ವಿಷಯ ಮಾತ್ರ ಸುಲಭವಲ್ಲ. ಕೋರ್ಟುಗಳು ಆಯಾ ಕುಟುಂಬದ ದಾಖಲೆ ನೋಡಿಯೇ ತೀರ್ಮಾನಿಸುತ್ತವೆ. ಅಲ್ಲಿ ವಕೀಲರ ಸಲಹೆ ಬೇಕೇ ಬೇಕು.

ಈ ಮೊದಲ ಪ್ರಶ್ನೆ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಪಕ್ಕದ ತಾಲ್ಲೂಕೇ ಸಾಕ್ಷಿ. ಚಳ್ಳಕೆರೆ ತಾಲ್ಲೂಕು ಪರಶುರಾಂಪುರ ಹೋಬಳಿಯ ಮಹದೇವಪುರದ 7 ಎಕರೆ 20 ಗುಂಟೆ ಜಮೀನಿನ ಪ್ರಕರಣ ‘ಅಂಗಡಿ ಚಂದ್ರಣ್ಣ ವಿರುದ್ಧ ಶಂಕರ್’ ಎಂದು ಹೆಸರಾಗಿದೆ. ಅಣ್ಣತಮ್ಮಂದಿರು 1986ರಲ್ಲಿ ಪಾಲಾದರು. ಅವರಲ್ಲೊಬ್ಬರು 1989ರಲ್ಲಿ ಸಹೋದರನಿಂದ ಈ ಜಮೀನನ್ನು ಕ್ರಯಕ್ಕೆ ಪಡೆದು, 1993ರಲ್ಲಿ ಬೇರೆಯವರಿಗೆ ಮಾರಿದರು. ಇದು ಪಿತ್ರಾರ್ಜಿತ, ನಮಗೂ ಪಾಲಿದೆ ಎಂದು ಮಕ್ಕಳು 1994ರಲ್ಲಿ ದಾವೆ ಹೂಡಿದರು. ವಿಚಾರಣಾ ನ್ಯಾಯಾಲಯದಲ್ಲಿ ಮಕ್ಕಳು ಗೆದ್ದರು. ಮೊದಲ ಮೇಲ್ಮನವಿಯಲ್ಲಿ ಕೊಂಡವರು ಗೆದ್ದರು. ಹೈಕೋರ್ಟಿನಲ್ಲಿ ಮತ್ತೆ ಮಕ್ಕಳು. ಕೊನೆಗೆ 2025ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್, ಕುಟುಂಬದ ಹಣದಿಂದ ಕೊಂಡದ್ದು ಎಂಬುದಕ್ಕೆ ಸಾಕ್ಷ್ಯವಿಲ್ಲ, ಇದು ತಂದೆಯ ಸ್ವಯಾರ್ಜಿತ, ಮಾರಾಟ ಸರಿ ಎಂದಿತು. ದಾವೆ ಹೂಡಿದ ದಿನದಿಂದ 31 ವರ್ಷ. ನಾಲ್ಕು ಕೋರ್ಟುಗಳು ಚರ್ಚಿಸಿದ್ದು ಮುಖ್ಯವಾಗಿ ಈ ಮೊದಲ ಪ್ರಶ್ನೆಯನ್ನೇ.

ಪ್ರಶ್ನೆ 2: ಯಾಕೆ ಮಾರಿದರು?

ಆಸ್ತಿ ಪಿತ್ರಾರ್ಜಿತವೇ ಆದರೂ, ಕುಟುಂಬದ ಯಜಮಾನ, ಅಂದರೆ ಕರ್ತ, ಕುಟುಂಬದ ನಿಜವಾದ ಅಗತ್ಯಕ್ಕೆ ಅಥವಾ ಆಸ್ತಿಯ ಹಿತಕ್ಕೆ ಅದನ್ನು ಮಾರಬಹುದು. ಚಿಕಿತ್ಸೆ, ಮದುವೆ, ಓದು, ಸರ್ಕಾರಿ ಬಾಕಿ, ಮನೆತನದ ಸಾಲ ಇವೆಲ್ಲ ಅಗತ್ಯಗಳೇ. ಅಂಥ ಮಾರಾಟ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಇದು ಹೊಸ ನಿಯಮವಲ್ಲ. 1856ರ ಹನುಮಾನ್ ಪ್ರಸಾದ್ ಪಾಂಡೆ ಪ್ರಕರಣದಿಂದ ಬಂದದ್ದು. ಕರ್ನಾಟಕದ್ದೇ ಆದ ಬೀರೆಡ್ಡಿ ದಶರಥರಾಮಿ ರೆಡ್ಡಿ ಪ್ರಕರಣದಲ್ಲಿ, ಅಗತ್ಯ ಇದ್ದಾಗ ಎಲ್ಲ ಸದಸ್ಯರ ಸಹಿ ಇಲ್ಲ ಎಂಬ ಕಾರಣಕ್ಕೆ ಕರ್ತನ ವ್ಯವಹಾರ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿತು.

ಆದರೆ ಅಗತ್ಯವಿತ್ತು, ಅಥವಾ ವಿಚಾರಿಸಿ ನಂಬಿಯೇ ಕೊಂಡೆ ಎಂದು ತೋರಿಸುವ ಹೊಣೆ ಕೊಂಡವರದು. ತೋರಿಸಲಾಗದಿದ್ದರೆ ಮಕ್ಕಳ ಪಾಲಿನ ಮಟ್ಟಿಗೆ ಮಾರಾಟ ನಿಲ್ಲದು. ಅಪ್ಪನ ಪಾಲು ಮಾತ್ರ ಕೊಂಡವರಿಗೆ ಉಳಿಯುತ್ತದೆ. ಇನ್ನು ಪ್ರೀತಿಯಿಂದ ಬೇರೆಯವರಿಗೆ ದಾನಪತ್ರ ಬರೆದುಕೊಟ್ಟರೆ ಅದು ಮಾರಾಟಕ್ಕಿಂತ ದುರ್ಬಲ. 2022ರ ಕೆ.ಸಿ.ಲಕ್ಷ್ಮಣ ಪ್ರಕರಣದಲ್ಲಿ ಅಂಥ ದಾನ ಊರ್ಜಿತವಲ್ಲ ಎಂದು ತೀರ್ಪಾಯಿತು.

ನನ್ನ ತರಗತಿಯ ಹುಡುಗನ ತಂದೆಯ ಮಾತು ಇಲ್ಲಿ ನೆನಪಾಯಿತು. ಹೆಂಡತಿಯ ಚಿಕಿತ್ಸೆಯ ಸಾಲ, ಬೋರ್‌ವೆಲ್ ಸಾಲ. ಕಾನೂನು ‘ಅಗತ್ಯ’ ಎಂದು ಕರೆಯುವುದು ಇದನ್ನೇ. ನಾನು ಆ ಪ್ರಶ್ನೆಯನ್ನೇ ಕೇಳದೆ ತೀರ್ಪು ಕೊಟ್ಟಿದ್ದೆ.

ಪ್ರಶ್ನೆ 3: ಯಾರ ಪಾಲು, ಯಾರ ಸಹಿ?

ಹೆಣ್ಣುಮಕ್ಕಳ ಪಾಲಿನ ಇತಿಹಾಸ ಕರ್ನಾಟಕದಲ್ಲಿ ಉದ್ದವಾಗಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು ತಂದಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದ ಪಾಲುದಾರಳನ್ನಾಗಿ ಮಾಡಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಆ ಭೇದವನ್ನು ತೆಗೆಯಿತು. ಅಪ್ಪ ಆ ದಿನ ಬದುಕಿರಬೇಕೇ ಎಂಬ ಗೊಂದಲ ಹಲವು ವರ್ಷ ಇತ್ತು. ಕರ್ನಾಟಕದ ದಾನಮ್ಮ ಪ್ರಕರಣದಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರು. ಆದರೂ 2018ರಲ್ಲಿ ಸುಪ್ರೀಂ ಕೋರ್ಟ್ ತಾಯಿ, ಇಬ್ಬರು ಗಂಡುಮಕ್ಕಳ ಜೊತೆ ಇಬ್ಬರು ಹೆಣ್ಣುಮಕ್ಕಳಿಗೂ ತಲಾ 1/5 ಕೊಟ್ಟಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಗೊಂದಲವನ್ನು ಮುಗಿಸಿತು: ಹಕ್ಕು ಹುಟ್ಟಿನಿಂದ, ತಂದೆ ಬದುಕಿರಬೇಕಿಲ್ಲ.

ಮಾರಾಟದ ಕಾಗದದಲ್ಲಿ ವಯಸ್ಕ ಮಕ್ಕಳು ಒಪ್ಪಿ ಸಹಿ ಹಾಕಿದ್ದರೆ, ಅಥವಾ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಟ್ಟಿದ್ದರೆ, ಅವರ ಪಾಲನ್ನು ಮತ್ತೆ ಕೇಳುವುದು ಬಹಳ ಕಷ್ಟ. ಓದದೆ ಸಹಿ ಹಾಕಬಾರದು ಎಂಬುದು ಇಲ್ಲಿಯ ಸರಳ ಪಾಠ.

ಮಗುವಿನ ಹೆಸರಿನಲ್ಲೇ ಇರುವ ಪ್ರತ್ಯೇಕ ಆಸ್ತಿಯ ಕತೆ ಬೇರೆ. ಅದನ್ನು ತಂದೆ ಮಾರಬೇಕಾದರೆ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಕೋರ್ಟಿನ ಮುಂಚಿತ ಅನುಮತಿ ಬೇಕು. ದಾವಣಗೆರೆ ಬಳಿಯ ಶಾಮನೂರಿನ ನಿವೇಶನಗಳ ಪ್ರಕರಣದಲ್ಲಿ ತಂದೆ ಅನುಮತಿ ಇಲ್ಲದೆ ಮಾರಿದ್ದರು. ಅಂಥ ಮಾರಾಟವನ್ನು ಮಕ್ಕಳು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಕಾಲಮಿತಿಯೊಳಗೆ ತಮ್ಮ ನಡವಳಿಕೆಯಿಂದಲೇ ತಿರಸ್ಕರಿಸಬಹುದು, ದಾವೆಯನ್ನೇ ಹೂಡಬೇಕೆಂದಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗುವಿಗಿರುವ ಪಾಲನ್ನು ಕರ್ತ ಮಾರಿದಾಗ ಈ ಅನುಮತಿಯ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಮತ್ತೆ ಎರಡನೇ ಪ್ರಶ್ನೆಗೇ ಬರಬೇಕು.

ಪ್ರಶ್ನೆ 4: ಯಾವಾಗ ಮಾರಿದರು?

2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆದ ಮಾರಾಟ, ವಿಭಾಗಗಳನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ತಂದೆ ಮಾಡಿದ ಪಿತ್ರಾರ್ಜಿತ ಆಸ್ತಿಯ ಮಾರಾಟವನ್ನು ಪ್ರಶ್ನಿಸಲು ಕಾಲಮಿತಿ ಕಾಯ್ದೆಯಲ್ಲಿ, ಕೊಂಡವರು ಸ್ವಾಧೀನ ಪಡೆದ ದಿನದಿಂದ 12 ವರ್ಷ ಇದೆ. ಮಗುವಿನ ಸ್ವಂತ ಆಸ್ತಿಯನ್ನು ಪಾಲಕರು ಮಾರಿದ್ದರೆ, ಪ್ರಾಪ್ತ ವಯಸ್ಸು ತಲುಪಿದ ಮೇಲೆ 3 ವರ್ಷ.

ಹಾಗಾದರೆ ದಾರಿಗಳು ಯಾವುವು?

ನಾಲ್ಕು ಪ್ರಶ್ನೆಗಳ ಉತ್ತರ ಸಿಕ್ಕ ಮೇಲೆಯೇ ದಾರಿಯ ಮಾತು.

1. ದಾಖಲೆ ಕೂಡಿಸುವುದು. ಹಳೆಯ ಪಹಣಿ, ಮ್ಯುಟೇಶನ್ ಪ್ರತಿ, ಋಣಭಾರ ಪತ್ರ (ಇ.ಸಿ.), ಕ್ರಯಪತ್ರ, ಪಾಲುಪಟ್ಟಿ, ವಂಶವೃಕ್ಷ. ಜಮೀನು ಹೇಗೆ ಬಂತು ಎಂದು ಇವೇ ಹೇಳುತ್ತವೆ.

2. ಖಾತೆ ಬದಲಾವಣೆಗೆ ತಕರಾರು. ಮ್ಯುಟೇಶನ್ ನೋಟಿಸಿನ ಗಡುವಿನೊಳಗೆ ಲಿಖಿತವಾಗಿ ಕೊಡಬಹುದು. ಆದರೆ ಖಾತೆ ಎಂಬುದು ಕಂದಾಯದ ದಾಖಲೆ ಮಾತ್ರ. ಹಕ್ಕನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟ್.

3. ಪಾಲು ವಿಭಾಗದ ದಾವೆ. ಪಾಲು ಬೇರೆ ಮಾಡಿ ಸ್ವಾಧೀನ ಕೊಡಿಸಿ, ಮಾರಾಟ ನನ್ನ ಪಾಲಿಗೆ ಅನ್ವಯಿಸದು ಎಂದು ಘೋಷಿಸಿ ಎಂದು ಕೇಳುವುದು. ಕೊಂಡವರನ್ನೂ ಪ್ರತಿವಾದಿಯಾಗಿ ಸೇರಿಸಬೇಕು.

4. ತಡೆಯಾಜ್ಞೆ. ಕರ್ತ ಮಾರದಂತೆ ಬರೀ ತಡೆಯಾಜ್ಞೆಯ ದಾವೆ ನಿಲ್ಲದು ಎಂದು 1988ರ ಸುನಿಲ್ ಕುಮಾರ್ ಪ್ರಕರಣದಲ್ಲಿ ತೀರ್ಪಾಗಿದೆ. ಪಾಲಿನ ದಾವೆಯೊಳಗೆ ತಾತ್ಕಾಲಿಕ ತಡೆ ಕೇಳಬಹುದು. ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು.

5. ಮೊದಲು ಕೊಳ್ಳುವ ಹಕ್ಕು. ತೀರಿಕೊಂಡವರಿಂದ ಹಲವು ವಾರಸುದಾರರಿಗೆ ಒಟ್ಟಾಗಿ ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಪಾಲು ಮಾರಹೊರಟರೆ, 22ನೇ ಕಲಂ ಪ್ರಕಾರ ಉಳಿದವರಿಗೆ ಮೊದಲ ಅವಕಾಶ. ಕೃಷಿ ಜಮೀನಿಗೂ ಇದು ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

6. ಮಂಜೂರಾದ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಅರ್ಜಿ ಉಪವಿಭಾಗಾಧಿಕಾರಿಗೆ. ನಮ್ಮ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳಿಗೆ ಆ ಕಚೇರಿ ಮಧುಗಿರಿಯಲ್ಲಿದೆ.

7. ಉಚಿತ ಕಾನೂನು ನೆರವು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಡಿ ಉಚಿತ ವಕೀಲರ ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಸಿಗುತ್ತದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯೂ ಆಗಬಹುದು.

ಇಷ್ಟೆಲ್ಲ ಹೇಳಿದ್ದು ಮುಖ್ಯವಾಗಿ ಹಿಂದೂ ಕುಟುಂಬಗಳಿಗೆ. ನನ್ನ ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಇದ್ದರು. ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಪಾಲು ಎಂಬುದಿಲ್ಲ. ವಾರಸು ಹಕ್ಕು ಹುಟ್ಟುವುದು ಆಸ್ತಿಯ ಒಡೆಯರು ತೀರಿಕೊಂಡ ಮೇಲೆ. ಇದನ್ನು ಹೇಳದೆ ಪಾಠ ಮಾಡಿದ್ದು ನನ್ನ ಎರಡನೇ ತಪ್ಪು.

ಮರುಪಾಠ

ಮರುಪಾಠವನ್ನು ಕ್ಷಮೆಯಿಂದಲೇ ಆರಂಭಿಸಿದೆ. ‘ಹೋದ ವಾರ ನಾನು ಹೇಳಿದ ಒಂದು ಉತ್ತರ ತಪ್ಪು’ ಎಂದು ಕಪ್ಪುಹಲಗೆಯ ಮೇಲೆ ಹಳೆಯ ವಾಕ್ಯ ಬರೆದು ಅಡ್ಡಗೆರೆ ಎಳೆದೆ. ಮಕ್ಕಳು ಒಮ್ಮೆಗೇ ಸುಮ್ಮನಾದರು. ನಂತರ ಗುಂಪಿಗೊಂದು ಕಾರ್ಡ್ ಕೊಟ್ಟೆ. ಎಲ್ಲದರಲ್ಲೂ ಅದೇ 4 ಎಕರೆ 20 ಗುಂಟೆ, ಅದೇ ಅಪ್ಪ, ಮಗ, ಮಗಳು. ಅಪ್ಪ ಪೂರ್ತಿ ಮಾರಿದ್ದಾರೆ. ಬದಲಾಗುವುದು ಒಂದೊಂದೇ ಸಂಗತಿ.

ಕಾರ್ಡ್ 1: ಪಿತ್ರಾರ್ಜಿತ. ಜೂಜಿನ ಬಾಕಿಗೆ ಮಾರಿದ್ದು. ಅಗತ್ಯವಲ್ಲ. ಕೊಂಡವರಿಗೆ ಅಪ್ಪನ 60 ಗುಂಟೆ. ಮಕ್ಕಳಿಗೆ ಉಳಿಯುವುದು 180ರ 2/3, ಅಂದರೆ 120 ಗುಂಟೆ.

ಕಾರ್ಡ್ 2: ಪಿತ್ರಾರ್ಜಿತ. ಅಕ್ಕನ ಮದುವೆ, ಬ್ಯಾಂಕಿನ ಬೆಳೆಸಾಲಕ್ಕೆ ಮಾರಿದ್ದು. ಅಗತ್ಯ. ಮಕ್ಕಳು ವಾಪಸ್ ಕೇಳಬಹುದಾದ ಪಾಲು 0.

ಕಾರ್ಡ್ 3: ಅಪ್ಪ ತಾವೇ ದುಡಿದು ಕೊಂಡದ್ದು. ಮಕ್ಕಳ ಪಾಲು 0.

ಕಾರ್ಡ್ 4: ಕಾರ್ಡ್ 1ರಂತೆಯೇ. ಆದರೆ 20 ವರ್ಷದ ಮಗ ಒಪ್ಪಿ ಸಹಿ ಹಾಕಿದ್ದಾನೆ. ಮಗಳು ಹಾಕಿಲ್ಲ. ಉಳಿಯುವುದು ಮಗಳ 1/3, ಅಂದರೆ 60 ಗುಂಟೆ.

ಎರಡನೇ ಕಾರ್ಡಿನಲ್ಲಿ ಮೊದಲು ‘ಅಮ್ಮನ ಆಪರೇಷನ್’ ಎಂದು ಬರೆದಿದ್ದೆ. ಆ ಹುಡುಗ ತರಗತಿಯಲ್ಲಿ ಇರುತ್ತಾನೆ ಎಂದು ನೆನಪಾಗಿ ಬದಲಾಯಿಸಿದೆ. ಬದುಕಿನಿಂದ ಉದಾಹರಣೆ ತೆಗೆದುಕೊಳ್ಳುವಾಗ ಯಾರ ಬದುಕಿನಿಂದ ಎಂಬುದನ್ನೂ ನೋಡಬೇಕು.

ಒಂದೇ ಜಮೀನು, ಒಂದೇ ಕುಟುಂಬ, ನಾಲ್ಕು ಉತ್ತರ. ‘ಲೆಕ್ಕದಲ್ಲಿ ದತ್ತಾಂಶ ಬದಲಾದರೆ ಉತ್ತರ ಬದಲಾಗುತ್ತದೆ’ ಎಂದು ನಾನು ಹೇಳಬೇಕಾಗಲಿಲ್ಲ, ಒಬ್ಬ ಹುಡುಗಿಯೇ ಹೇಳಿದಳು. ‘ಅಪ್ಪ ಮದುವೆಗೆ ಅಂತ ಸುಳ್ಳು ಹೇಳಿದ್ರೆ ಮಿಸ್?’ ಎಂದು ಇನ್ನೊಬ್ಬ ಕೇಳಿದ. ಸಾಬೀತು ಮಾಡುವ ಹೊಣೆ ಯಾರದು ಎಂಬ ಚರ್ಚೆಗೆ ಅದೇ ಬಾಗಿಲಾಯಿತು.

‘ಸೋಲಾರ್‌ಗೆ ಕೊಟ್ಟಿರೋದು ಮಾರಿದ ಹಾಗಾ?’ ಎಂಬುದು ತಿರುಮಣಿ ಕಡೆ ನೆಂಟರಿದ್ದ ಮಗುವಿನ ಪ್ರಶ್ನೆ. ಪಾವಗಡ ಸೋಲಾರ್ ಪಾರ್ಕಿನ ಸುಮಾರು 13,000 ಎಕರೆಯಲ್ಲಿ ರೈತರ ಜಮೀನನ್ನು ಗುತ್ತಿಗೆಗೆ ಪಡೆದಿದ್ದಾರೆ, ಒಡೆತನ ರೈತರಲ್ಲೇ ಇದೆ ಎಂದು ವಿವರಿಸಿದೆ. ಆರಂಭದ ಗುತ್ತಿಗೆ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ವಿಸ್ತರಣೆಯ ಹಂತಕ್ಕೆ ಅದೇ ಲೆಕ್ಕ ಕೊಟ್ಟೆ: ನಾಲ್ಕೂವರೆ ಎಕರೆಗೆ 94,500. ಮೂವರಿಗೆ ಹಂಚಿದರೆ ತಲಾ 31,500.

ಮೌಲ್ಯಮಾಪನ ಮತ್ತು ಪ್ರತಿಫಲನ

ಮೌಲ್ಯಮಾಪನಕ್ಕೆ ಒಂದು ಲೆಕ್ಕ, ಒಂದು ವಾಕ್ಯ ಕೇಳಿದ್ದೆ. ಲೆಕ್ಕದಲ್ಲಿ ಎಕರೆ ಗುಂಟೆಯನ್ನು ದಶಮಾಂಶವೆಂದು ತಿಳಿಯುವ ತಪ್ಪು ಬಹುತೇಕ ಹೋಗಿತ್ತು. ವಾಕ್ಯ: ‘ಒಬ್ಬರು ಜಮೀನು ಮಾರಿದ್ದಾರೆ ಎಂದು ಕೇಳಿದರೆ ನೀನು ಮೊದಲು ಯಾವ ಪ್ರಶ್ನೆ ಕೇಳುತ್ತೀಯ?’ ಹೆಚ್ಚಿನವರು ‘ಜಮೀನು ಹೇಗೆ ಬಂತು’ ಎಂದು ಬರೆದರು. ಆ ಹುಡುಗ ಲೆಕ್ಕ ಸರಿಯಾಗಿ ಮಾಡಿ ವಾಕ್ಯದ ಜಾಗವನ್ನು ಖಾಲಿ ಬಿಟ್ಟಿದ್ದ. ನಾನು ಕೇಳಲಿಲ್ಲ. ಮನೆಯಲ್ಲಿ ಅಪ್ಪ ಮಗ ಮಾತಾಡಿಕೊಂಡರು ಎಂದು ಮಾತ್ರ ನಂತರ ಮಾರ್ಗದರ್ಶಕರಿಂದ ತಿಳಿಯಿತು.

ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಕಾರಿಡಾರಿನಲ್ಲಿ ಬಂದು, ‘ನಮ್ಮಕ್ಕನ ಹತ್ರ ಮದ್ವೆಗೆ ಮುಂಚೆ ಒಂದು ಪೇಪರ್‌ಗೆ ಸಹಿ ಹಾಕಿಸ್ಕೊಂಡ್ರು ಮಿಸ್, ಅದು ಏನು?’ ಎಂದು ಕೇಳಿದಳು. ಈ ಸಲ ನಾನು ಉತ್ತರ ಹೇಳಲಿಲ್ಲ. ಕಾನೂನು ಸೇವಾ ಸಮಿತಿಯ ವಿಳಾಸ, 15100 ಸಂಖ್ಯೆ ಬರೆದುಕೊಟ್ಟು, ಅಕ್ಕನಿಗೇ ಕೊಡು ಎಂದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದ ಮೂರು ಮಾತು. ಸ್ಥಳೀಯ ಉದಾಹರಣೆ ಆರಿಸುವಾಗ ಅದರ ಗಣಿತದಷ್ಟೇ ಅದರ ವಿಷಯವನ್ನೂ ಓದಿಕೊಳ್ಳಿ. ಪಾಠಯೋಜನೆಯಲ್ಲಿ ‘ಮಕ್ಕಳು ಕೇಳಬಹುದಾದ ಪ್ರಶ್ನೆಗಳು’ ಎಂದು ಒಂದು ಅಂಕಣ ಸೇರಿಸಿ. ತಪ್ಪು ಹೇಳಿದರೆ, ಹೇಳಿದ ತರಗತಿಯಲ್ಲೇ ತಿದ್ದಿ.

ಕೊನೆಗೆ ನಮ್ಮ ಮನೆಯ ಮಾತು. ನಾಲ್ಕು ಪ್ರಶ್ನೆಗಳನ್ನು ಕಲಿತ ಮೇಲೆ ರಜೆಯಲ್ಲಿ ಊರಿಗೆ ಹೋಗಿ, ಅಪ್ಪ ಎಂಟು ವರ್ಷದ ಹಿಂದೆ ಮಾರಿದ 3 ಎಕರೆಯ ಹಳೆಯ ಕಾಗದಗಳನ್ನು ಟ್ರಂಕಿನಿಂದ ತೆಗೆದೆ. ಅದು ನಮ್ಮ ತಾತ ತಾವೇ ಕ್ರಯಕ್ಕೆ ಕೊಂಡ ಜಮೀನು. ಅವರು ಉಯಿಲು ಬರೆಯದೆ 1987ರಲ್ಲಿ ತೀರಿಕೊಂಡಾಗ ಪೌತಿ ಖಾತೆ ಅಪ್ಪನ ಒಬ್ಬರ ಹೆಸರಿಗೆ ಆಗಿತ್ತು. ಹಾಗಾಗಿ ಎಂಟು ವರ್ಷದಿಂದ ಕೇಸು ಹಾಕುತ್ತೇನೆ ಎನ್ನುವ ನನ್ನ ಅಣ್ಣನಿಗೆ ಅದರಲ್ಲಿ ಹುಟ್ಟಿನಿಂದ ಪಾಲಿರಲಿಲ್ಲ. ನನಗೂ ಇರಲಿಲ್ಲ. ಆದರೆ ತಾತ ಹೋದಾಗ ವಾರಸುದಾರರು ಮೂವರಿದ್ದರು: ಅಜ್ಜಿ, ಅಪ್ಪ, ನಮ್ಮ ಸೋದರತ್ತೆ. 120 ಗುಂಟೆಯಲ್ಲಿ ತಲಾ 40. ಅಜ್ಜಿಯೂ ಹೋದ ಮೇಲೆ ಅವರ 40 ಇಬ್ಬರು ಮಕ್ಕಳಿಗೆ ತಲಾ 20. ಒಟ್ಟು ಅಪ್ಪನಿಗೆ 60, ಅತ್ತೆಗೆ 60.

ನೋಟ್ ಪುಸ್ತಕದಲ್ಲಿ ಬರೆದ ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ‘ಅವಳು ಯಾವತ್ತೂ ಕೇಳ್ಲಿಲ್ಲ’ ಎಂದರು. ನಾವೂ ಯಾರೂ ಅವಳನ್ನು ಕೇಳಿರಲಿಲ್ಲ. ಬೋಧನಾಭ್ಯಾಸ ಮುಗಿದ ಮೇಲೆ ಅಪ್ಪನೂ ನಾನೂ ಅತ್ತೆಯ ಊರಿಗೆ ಹೋಗುವುದೆಂದು ಮಾತಾಗಿದೆ. ಆ ನೋಟ್ ಪುಸ್ತಕವನ್ನೂ ತೆಗೆದುಕೊಂಡು ಹೋಗುತ್ತೇನೆ.